ಉಳಿದ ಎಂಟು ಮೆಟ್ಟಿಲು: ಸಿಪಿ ಮಕ್ಕಳ ವ್ಯಾಯಾಮದ ಬಗ್ಗೆ ಒಂದಿಷ್ಟು ಮಾತು

(ದಾವಣಗೆರೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಯವರಿಗಾಗಿ ನಡೆದ ಸಭೆಯಲ್ಲಿ ಫಿಜಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತಿನ ಬರಹ ರೂಪ)

ಈ ಹಾಲ್‌ಗೆ ಒಂಬತ್ತು ಮೆಟ್ಟಿಲಿವೆ. ರ‍್ಯಾಂಪ್ ಇಲ್ಲ. ಇಂಥ ಜಾಗಕ್ಕೆ ನಿಮ್ಮನ್ನು ಕರೆಸಿದ್ದು ತಪ್ಪು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಹೆಗಲಿಗೆ ಬ್ಯಾಗು, ಕಂಕುಳಲ್ಲಿ ಆಸ್ಪತ್ರೆ ಫೈಲು, ಸೊಂಟದ ಮೇಲೆ ಮಗು. ಹೆಚ್ಚುಕಡಿಮೆ ಎಲ್ಲರೂ ಹೀಗೇ ಬಂದಿರಿ. ನಡುವೆ ಒಬ್ಬ ಹುಡುಗ, ಆರೇಳು ವರ್ಷ ಇರಬಹುದು, ಹಟ ಮಾಡಿ ಕೆಳಗೆ ಇಳಿದ. ಕಂಬಿ ಹಿಡಿದ. ಬಲಗಾಲು ಮೇಲಿಟ್ಟ. ಎಡಗಾಲು ಬರಲಿಲ್ಲ. ಹಿಮ್ಮಡಿ ಮೇಲೆದ್ದು ಬರೀ ಬೆರಳು ನೆಲಕ್ಕೆ ಒತ್ತಿಕೊಂಡಿತ್ತು. ಅವನು ಸೊಂಟ ಓರೆ ಮಾಡಿ, ಹಲ್ಲು ಕಚ್ಚಿ, ಹೇಗೋ ಆ ಕಾಲನ್ನೂ ಎಳೆದುಕೊಂಡ. ಒಂದು ಮೆಟ್ಟಿಲು ಆಯಿತು. ಅಷ್ಟರಲ್ಲಿ ಹಿಂದಿನಿಂದ ಅಜ್ಜ, 'ಹೊತ್ತಾಯ್ತು ಬಾರಪ್ಪ' ಅಂತ ಎತ್ತಿಕೊಂಡು ಬಂದೇಬಿಟ್ಟರು.

ಅಜ್ಜ ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ಅವರದ್ದೇನೂ ತಪ್ಪಿಲ್ಲ. ಹತ್ತೂವರೆಗೆ ಶುರು, ಬೇಗ ಬನ್ನಿ ಅಂತ ಫೋನ್ ಮಾಡಿ ಅವಸರ ಮಾಡಿದ್ದು ನಾವೇ. ಆದರೆ ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ಉಳಿದ ಎಂಟು ಮೆಟ್ಟಿಲಿನ ಬಗ್ಗೆಯೇ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಸೆರೆಬ್ರಲ್ ಪಾಲ್ಸಿ, ಚಿಕ್ಕದಾಗಿ ಸಿಪಿ ಅನ್ನುತ್ತೇವೆ, ಕಾಲಿನ ಕಾಯಿಲೆ ಅಲ್ಲ. 'ನರದ ವೀಕ್‌ನೆಸ್' ಕೂಡ ಅಲ್ಲ. ಮೆದುಳು ಇನ್ನೂ ಬೆಳೆಯುತ್ತಿರುವಾಗಲೇ ಅದಕ್ಕೆ ಪೆಟ್ಟು ಬಿದ್ದಿರುತ್ತದೆ. ದಿನ ತುಂಬುವ ಮೊದಲೇ ಹೆರಿಗೆ ಆಗಿರಬಹುದು. ಹುಟ್ಟಿದ ಕೂಡಲೇ ಮಗು ಅಳದೆ, ಆಮ್ಲಜನಕ ಸಾಲದೆ ಹೋಗಿರಬಹುದು. ಮೊದಲ ವಾರದಲ್ಲಿ ಕಾಮಾಲೆ ವಿಪರೀತ ಏರಿರಬಹುದು, ಮೆದುಳುಜ್ವರ ಬಂದಿರಬಹುದು. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ, ಬಸುರಿಯಲ್ಲಿ ಪಪ್ಪಾಯಿ ತಿಂದಿದ್ದಕ್ಕೆ ಸಿಪಿ ಖಂಡಿತ ಬರುವುದಿಲ್ಲ. ಇದನ್ನು ನಾನು ಹೇಳುತ್ತಿರುವುದು ಇಲ್ಲಿ ಕೂತಿರುವ ಅತ್ತೆಯಂದಿರಿಗೆ.

1860ರ ದಶಕದಲ್ಲೇ ಲಂಡನ್ನಿನ ವಿಲಿಯಂ ಲಿಟಲ್ ಎಂಬ ಡಾಕ್ಟರು, ಕಷ್ಟದ ಹೆರಿಗೆ, ಅವಧಿಗೆ ಮೊದಲಿನ ಹೆರಿಗೆ ಆದ ಮಕ್ಕಳಲ್ಲಿ ಕೈಕಾಲು ಬಿಗಿಯಾಗುವುದನ್ನು ಗುರುತಿಸಿ ಬರೆದಿದ್ದರು. ಬಹಳ ಕಾಲ ಇದಕ್ಕೆ ಅವರ ಹೆಸರೇ ಇತ್ತು. ಸಾಮಾನ್ಯವಾಗಿ ಹೇಳುವ ಲೆಕ್ಕ, ಹುಟ್ಟುವ ಸಾವಿರ ಮಕ್ಕಳಲ್ಲಿ 2ರಿಂದ 3 ಮಕ್ಕಳಿಗೆ ಸಿಪಿ. ಅವರಲ್ಲಿ ಸುಮಾರು ನೂರಕ್ಕೆ 80 ಮಕ್ಕಳದ್ದು ಬಿಗಿಯ ಬಗೆ, ಸ್ಪಾಸ್ಟಿಕ್ ಅನ್ನುತ್ತೇವಲ್ಲ, ಅದು. ಕೆಲವರಿಗೆ ಕೈಕಾಲು ತಮ್ಮ ಪಾಡಿಗೆ ತಿರುಚುತ್ತವೆ. ಕಾಮಾಲೆ ಏರಿ ಮೆದುಳಿಗೆ ತಾಗಿದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇನ್ನು ಕೆಲವರಿಗೆ ಸಮತೋಲ ಸಿಗದೆ ತೂರಾಡುತ್ತಾರೆ.

ಒಂದು ವಿಷಯ ಜನಕ್ಕೆ ಗೊಂದಲ. ಮೆದುಳಿಗೆ ಆದ ಗಾಯ ಜಾಸ್ತಿ ಆಗುವುದಿಲ್ಲ ಅಂತ ಡಾಕ್ಟರು ಹೇಳುತ್ತಾರೆ. ಆದರೆ ನಿಮ್ಮ ಕಣ್ಣಿಗೆ ಕಾಣುವುದೇನು? ಐದನೇ ವರ್ಷದಲ್ಲಿ ಪಾದ ಊರುತ್ತಿದ್ದವಳು ಹತ್ತನೇ ವರ್ಷಕ್ಕೆ ತುದಿಗಾಲಲ್ಲಿ ನಡೆಯುತ್ತಾಳೆ. ಹಾಗಾದರೆ ಡಾಕ್ಟರು ಸುಳ್ಳು ಹೇಳಿದರಾ? ಇಲ್ಲ. ಒಂದನೇ ಕ್ಲಾಸಿಗೆ ಹೊಲಿಸಿದ ಯೂನಿಫಾರ್ಮನ್ನು ಐದನೇ ಕ್ಲಾಸಿಗೂ ಹಾಕಿದರೆ ಏನಾಗುತ್ತದೆ? ಬಟ್ಟೆ ಕೆಟ್ಟಿರುವುದಿಲ್ಲ, ಮೈ ಬೆಳೆದಿರುತ್ತದೆ. ಮೂಳೆ ಉದ್ದ ಆಗುತ್ತಾ ಹೋಗುತ್ತದೆ. ಬಿಗಿಯಾದ, ಬಳಕೆ ಕಡಿಮೆ ಇರುವ ಸ್ನಾಯು ಆ ವೇಗಕ್ಕೆ ಬೆಳೆಯುವುದಿಲ್ಲ. ಹಿಮ್ಮಡಿ ಮೇಲೆ ಎಳೆಯುತ್ತದೆ, ಮಂಡಿ ಮಡಚುತ್ತದೆ, ತೊಡೆ ಒಳಕ್ಕೆ ಕತ್ತರಿ ಆಗುತ್ತದೆ. ಅದಕ್ಕೇ ಮಕ್ಕಳು ಸರ‍್ರನೆ ಎತ್ತರ ಆಗುವ ವರ್ಷಗಳಲ್ಲಿ ನಾವು ಜಾಸ್ತಿ ಹುಷಾರಾಗಿರಬೇಕು. 'ಚೆನ್ನಾಗಿ ನಡೀತಿದ್ದ, ಈಗ ಫಿಜಿಯೋ ಯಾಕೆ' ಅಂತ ಬಿಡುವುದು ಆಗಲೇ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಮಾಡುತ್ತಿದ್ದುದು ಒಂದೇ. ಮಗುವನ್ನು ಟೇಬಲ್ ಮೇಲೆ ಮಲಗಿಸುವುದು, ಕಾಲು ಎಳೆಯುವುದು. ಹಿಮ್ಮಡಿಗೆ ಇಪ್ಪತ್ತು ಸಲ, ಮಂಡಿಗೆ ಇಪ್ಪತ್ತು ಸಲ, ತೊಡೆಗೆ ಇಪ್ಪತ್ತು ಸಲ. ಮಗು ಕಿರುಚುತ್ತಿತ್ತು. ತಾಯಿ ಕೈ ಹಿಡಿದುಕೊಳ್ಳುತ್ತಿದ್ದಳು. ನಾನು ಬೆವರುತ್ತಿದ್ದೆ. ಮುಗಿದ ಮೇಲೆ ನನಗೆ ಒಳ್ಳೆ ಕೆಲಸ ಮಾಡಿದ ಸಮಾಧಾನ. ಜಗಳೂರು ಕಡೆಯಿಂದ ನಾಲ್ಕು ವರ್ಷದ ಒಬ್ಬ ಹುಡುಗಿ ಬರುತ್ತಿದ್ದಳು, ಅಜ್ಜಿಯ ಜೊತೆ. ಆಟೋ ನಮ್ಮ ಗೇಟಿನ ಹತ್ತಿರ ತಿರುಗುವಾಗಲೇ ಅಳು ಶುರು. ಒಂದು ದಿನ ಅಜ್ಜಿ ಟೇಬಲ್ ಪಕ್ಕ ನಿಂತವರು ನನ್ನನ್ನೇ ನೋಡಿ ಕೇಳಿದರು, 'ಏನವ್ವಾ, ದಿನಾ ನೀನೇ ಎಕ್ಸರ್‌ಸೈಜ್ ಮಾಡ್ತೀಯಲ್ಲ, ಇವಳು ಯಾವಾಗ ಮಾಡೋದು?'

ನನಗೆ ಸಿಟ್ಟೇ ಬಂತು. ಏನೋ ಒಂದು ಉತ್ತರ ಹೇಳಿದೆ. ರಾತ್ರಿ ಮಲಗಿದ ಮೇಲೆ ಆ ಮಾತು ಬಿಡಲಿಲ್ಲ. ನಿಜ ತಾನೇ? ಆ ಅರ್ಧ ಗಂಟೆಯಲ್ಲಿ ಬೆವರಿದ್ದು ನಾನು. ಅವಳ ಮೆದುಳು ಕಲಿತಿದ್ದು ಒಂದೇ, ಈ ಮೇಡಂ ಕಂಡರೆ ಮೈ ಬಿಗಿ ಮಾಡಬೇಕು ಅನ್ನೋದು.

ಇದು ನನ್ನೊಬ್ಬಳ ಕಥೆ ಅಲ್ಲ, ನಮ್ಮ ವಿದ್ಯೆಯ ಕಥೆಯೇ ಹಾಗೆ ಇದೆ. ಲಂಡನ್ನಿನಲ್ಲಿ ಬೋಬಾತ್ ಅಂತ ಗಂಡ ಹೆಂಡತಿ ಇದ್ದರು. ಹೆಂಡತಿ ಬರ್ಟಾ ವ್ಯಾಯಾಮ ಕಲಿಸುವವರು, ಗಂಡ ಕಾರೆಲ್ ಡಾಕ್ಟರು. ನಾಜಿಗಳ ಕಾಟಕ್ಕೆ ಊರು ಬಿಟ್ಟು ಬಂದವರು. 1940ರ ದಶಕದಲ್ಲಿ ಅವರು ಶುರು ಮಾಡಿದ ಪದ್ಧತಿ ಜಗತ್ತೆಲ್ಲ ಹರಡಿತು. ಮಗುವಿನ ಮೈಯನ್ನು ಹಿಡಿದು, ಬಿಗಿ ಸಡಿಲಿಸಿ, ಸರಿಯಾದ ಚಲನೆಯನ್ನು ಕೈಯಿಂದ ತೋರಿಸಿಕೊಡುವುದು ಅದರ ಸಾರ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಸಿಪಿ ಮಕ್ಕಳನ್ನು ಮೂಲೆಗೆ ಹಾಕುತ್ತಿದ್ದ ಕಾಲ ಅದು. ಅವರನ್ನು ಕೈಗೆತ್ತಿಕೊಂಡರಲ್ಲ, ಅದಕ್ಕೆ ಕೈ ಮುಗಿಯಬೇಕು. ಆದರೆ ಮುಂದೆ ಗೊತ್ತಾದದ್ದು, ಬರೀ ಹಿಡಿದು ಆಡಿಸಿದರೆ ಮಗು ಕಲಿಯುವುದು ಕಡಿಮೆ. ಮಗು ತಾನೇ ಪ್ರಯತ್ನ ಮಾಡಬೇಕು, ತಪ್ಪಬೇಕು, ಮತ್ತೆ ಮಾಡಬೇಕು. ಅದೂ ತನಗೆ ಬೇಕಾದ ಕೆಲಸಕ್ಕೆ. ನೀವು ಸೈಕಲ್ ಕಲಿತಿದ್ದು ಹೇಗೆ? ಯಾರಾದರೂ ನಿಮ್ಮನ್ನು ಮಲಗಿಸಿ ಕಾಲು ತಿರುಗಿಸಿದ್ದಕ್ಕಾ?

ಆಸ್ಟ್ರೇಲಿಯಾದ ಅಯೋನಾ ನೊವಾಕ್ ಎಂಬ ಸಂಶೋಧಕಿ ಮತ್ತು ಅವರ ಜೊತೆಯವರು 2013ರಲ್ಲಿ, ಮತ್ತೆ 2020ರಲ್ಲಿ, ಸಿಪಿಗೆ ಇರುವ ಚಿಕಿತ್ಸೆಗಳನ್ನೆಲ್ಲ ಜಾಲಾಡಿ ಟ್ರಾಫಿಕ್ ಸಿಗ್ನಲ್ ಥರ ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಚ್ಚಿದರು. ಒಂದು ಗುರಿ ಇಟ್ಟುಕೊಂಡು ಮಾಡುವ ಅಭ್ಯಾಸ, ಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸುವುದು, ಮನೆಯಲ್ಲಿ ಮಾಡುವ ಅಭ್ಯಾಸ, ಇವೆಲ್ಲ ಹಸಿರು. ನಮ್ಮೂರಲ್ಲಿ ಹಸಿರು ಬಿದ್ದರೂ ಜನ ನೋಡಿಕೊಂಡೇ ದಾಟಬೇಕು, ಅದು ಬೇರೆ ಮಾತು.

ಸರಿ, ಮನೆಯಲ್ಲಿ ಅಂದರೆ ಏನು? ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬರ ಮಗ. ಆಗ ಐದು ವರ್ಷ. ಎಡಗೈ, ಎಡಗಾಲು ಬಿಗಿ. ಕಾಲು ಅಷ್ಟೇನಿಲ್ಲ, ಓಡುತ್ತಿದ್ದ. ಎಡಗೈ ಮಾತ್ರ ಮುಷ್ಟಿ ಕಟ್ಟಿ, ಹೆಬ್ಬೆರಳು ಒಳಗೆ ಸೇರಿಸಿಕೊಂಡು, ಎದೆಯ ಹತ್ತಿರ. ಏನು ಕೊಟ್ಟರೂ ಬಲಗೈಯಲ್ಲೇ ಈಸಿಕೊಳ್ಳುತ್ತಿದ್ದ. ಅಮ್ಮ ಹೇಳಿದರು, 'ಮೇಡಂ, ಎಂಟು ತಿಂಗಳಿಗೇ ಬಲಗೈ ಗಟ್ಟಿ ಇತ್ತು, ನಾವು ಜಾಣ ಅಂದ್ಕೊಂಡ್ವಿ.' ಇದನ್ನು ಸ್ವಲ್ಪ ಗಮನಿಸಿ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ ಅದು ಜಾಣತನ ಅಲ್ಲ, ಇನ್ನೊಂದು ಕೈ ಬರುತ್ತಿಲ್ಲ ಅಂತ ಅರ್ಥ. ನಾಲ್ಕು ತಿಂಗಳಾದರೂ ಮುಷ್ಟಿ ಬಿಚ್ಚದಿದ್ದರೆ, ಒಂಬತ್ತು ತಿಂಗಳಿಗೆ ಆಸರೆ ಇಲ್ಲದೆ ಕೂರದಿದ್ದರೆ, ಎತ್ತಿ ನಿಲ್ಲಿಸಿದಾಗ ಕಾಲು ಕತ್ತರಿ ಹಾಕಿದರೆ, ತೋರಿಸಿ. 'ಇವರಪ್ಪನೂ ಲೇಟಾಗೇ ನಡೆದಿದ್ದು' ಅಂತ ಕಾಯಬೇಡಿ. ಈಗ ಆರು ತಿಂಗಳ ಒಳಗೇ ಗುರುತಿಸುವ ವಿಧಾನಗಳಿವೆ. ಸಿಪಿಯೇ ಅಂತ ಗಟ್ಟಿಯಾಗುವ ತನಕ ಕಾಯದೆ ಅಭ್ಯಾಸ ಶುರು ಮಾಡಬಹುದು.

ಆ ಹುಡುಗನ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಎಡ್ವರ್ಡ್ ಟೌಬ್ ಅಂತ ವಿಜ್ಞಾನಿ. ಅವರು ಕಂಡುಕೊಂಡದ್ದು, ಒಂದು ಕೈ ಸರಿಯಾಗಿ ಬರದಿದ್ದರೆ ಮೆದುಳು ಅದನ್ನು ಮರೆತೇಬಿಡುತ್ತದೆ. ಆ ಕೈ ಮಾಡಬಲ್ಲದ್ದನ್ನೂ ಮಾಡುವುದಿಲ್ಲ. ಒಳ್ಳೆ ಕೈಗೆ ಸ್ವಲ್ಪ ಹೊತ್ತು ರಜಾ ಕೊಟ್ಟರೆ ಇನ್ನೊಂದು ಕೈಗೆ ಕೆಲಸ ಮಾಡದೆ ವಿಧಿ ಇರುವುದಿಲ್ಲ. ಮೊದಲು ಪಾರ್ಶ್ವವಾಯು ಆದ ದೊಡ್ಡವರಿಗೆ, ಆಮೇಲೆ ಮಕ್ಕಳಿಗೆ ಇದನ್ನು ಬಳಸಿದರು. ನಾವು ಹುಡುಗನ ಬಲಗೈಗೆ ಅಪ್ಪನ ಹಳೇ ಸಾಕ್ಸ್ ಹಾಕಿದೆವು. ಮುಂದೆ ಒಂದು ಅಗಲವಾದ ತಟ್ಟೆ, ತುಂಬ ಮಂಡಕ್ಕಿ.

ಮಂಡಕ್ಕಿ ಯಾಕೆ ಅಂತೀರಾ? ಹಗುರ ಇದೆ. ಕೈ ನಡುಗಿ ಚೆಲ್ಲಿದರೂ ಸದ್ದಾಗುವುದಿಲ್ಲ, ಯಾರೂ ಬೈಯುವುದಿಲ್ಲ. ಅವರ ಮನೆಯಲ್ಲಿ ಅದಕ್ಕೆ ಬರ ಇಲ್ಲ. ಎಲ್ಲಕ್ಕಿಂತ ಮುಖ್ಯ, ಎತ್ತಿದರೆ ಬಾಯಿಗೆ ಹಾಕಿಕೊಳ್ಳಬಹುದು! ಮೊದಲ ದಿನ ಅವನು ಇಡೀ ಮುಷ್ಟಿಯನ್ನು ತಟ್ಟೆಗೆ ಒತ್ತಿದ. ಬೆವರಿಗೆ ಅಂಟಿದ ನಾಲ್ಕು ಕಾಳನ್ನು ನೆಕ್ಕಿದ. ನಾವು ಅದಕ್ಕೂ ಚಪ್ಪಾಳೆ ಹೊಡೆದೆವು. ಎರಡನೇ ವಾರಕ್ಕೆ ಬೆರಳು ಒಟ್ಟು ಮಾಡಿ ಕೆರೆದು ಎತ್ತುತ್ತಿದ್ದ. ಆಮೇಲೆ ಶೇಂಗಾ ಬೆರೆಸಿದೆವು. ಶೇಂಗಾ ಮಾತ್ರ ಆರಿಸಬೇಕು. ಆಮೇಲೆ ಪಾವಿನಲ್ಲಿ ತುಂಬಿ ಡಬ್ಬಿಗೆ ಸುರಿಯುವುದು. ಸುರಿಯಬೇಕಾದರೆ ಮುಂಗೈ ತಿರುಗಬೇಕು, ಸಿಪಿ ಕೈಗೆ ಅತಿ ಕಷ್ಟದ ಕೆಲಸ ಅದು. ಕೊನೆಗೆ ಸಾಕ್ಸ್ ತೆಗೆದು ಎರಡೂ ಕೈ. ಒಂದು ಕೈಯಲ್ಲಿ ಕವರ್ ಬಾಯಿ ತೆರೆದು ಹಿಡಿ, ಇನ್ನೊಂದರಲ್ಲಿ ತುಂಬು. ಈ ಬಗೆಯ ಕೈ ಅಭ್ಯಾಸಕ್ಕೆ ಒಟ್ಟು ಸುಮಾರು 40 ಗಂಟೆ ಬೇಕು ಅಂತ ಹೇಳುತ್ತಾರೆ. ಕೇಳಿದರೆ ಗಾಬರಿ ಆಗುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಆರು ವಾರ, ಅಷ್ಟೇ. ಆ ಗಂಟೆಯನ್ನೂ ನಾಲ್ಕು ಭಾಗ ಮಾಡಿಕೊಳ್ಳಬಹುದು.

ಅವನ ಕೈ 'ಸರಿ' ಆಯಿತಾ? ಇಲ್ಲ. ಈಗಲೂ ಬಟನ್ ಹಾಕುವಾಗ ಒದ್ದಾಡುತ್ತಾನೆ. ಆದರೆ ನೋಟ್‌ಬುಕ್ಕನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಬರೆಯುತ್ತಾನೆ. ಮೊದಲು ಪುಸ್ತಕ ಜಾರುತ್ತದೆ ಅಂತ ಬರೆಯುವುದನ್ನೇ ಬಿಟ್ಟಿದ್ದ. ನಾನು ಹೇಳಿದ ಗುರಿ ಅಂದರೆ ಇದು. 'ಕೈ ಸರಿ ಮಾಡಿಕೊಡಿ' ಅನ್ನುವುದು ಗುರಿ ಅಲ್ಲ. 'ಪುಸ್ತಕ ಜಾರದ ಹಾಗೆ ಹಿಡಿಯಬೇಕು' ಅನ್ನುವುದು ಗುರಿ. ಮಗುವನ್ನೇ ಕೇಳಿ, ನಿನಗೆ ಏನು ಮಾಡಬೇಕು ಅನಿಸುತ್ತೆ ಅಂತ. ಒಬ್ಬಳು ಹುಡುಗಿ ನನಗೆ ಹೇಳಿದ್ದು, 'ಬೆಂಚಿಂದ ನಾನೇ ಎದ್ದು ಹಾಜರಿ ಹೇಳ್ಬೇಕು ಮಿಸ್.' ಅಪ್ಪ ಅಮ್ಮ ನಡಿಗೆಯ ಬಗ್ಗೆ ಕೇಳುತ್ತಿದ್ದರು, ಅವಳಿಗೆ ಬೇಕಾಗಿದ್ದು ಎದ್ದು ನಿಲ್ಲುವುದು.

ಅವಳಿಗೆ ಕೊಟ್ಟ ವ್ಯಾಯಾಮ ಬಹಳ ಸುಲಭದ್ದು. ಕೂತು ಏಳುವುದು. ಮಣೆ ತುಂಬಾ ತಗ್ಗು, ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಗೋಡೆಗೆ ಒರಗಿಸಿದ ಗಟ್ಟಿ ಸ್ಟೂಲು ಒಳ್ಳೆಯದು. ಪಾದ ಎರಡೂ ಪೂರ್ತಿ ನೆಲದ ಮೇಲೆ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ. ಮೂಗು ಮುಂದಕ್ಕೆ ತಂದು ಏಳಬೇಕು. ಕೈಗೆ ಆಸರೆ ಬೇಕಾದರೆ ಮುಂದೆ ಒಂದು ಟೇಬಲ್. ಎಂಟು ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ, ಹೀಗೆ ಮೂರು ಸುತ್ತು. ವಾರಕ್ಕೆ ಮೂರು ದಿನ. ನಡುವೆ ಒಂದು ದಿನ ಬಿಡಬೇಕು, ಸ್ನಾಯುವಿಗೂ ರಜಾ ಬೇಕಲ್ಲ. ಸಲೀಸಾಯಿತು ಅಂದರೆ ಸ್ಟೂಲು ತಗ್ಗಿಸುವುದು. ಅದೂ ಸಲೀಸಾದರೆ ಬೆನ್ನಿಗೆ ಸ್ಕೂಲ್ ಬ್ಯಾಗು, ಅದರಲ್ಲಿ ಅರ್ಧ ಕೆಜಿ ಜೋಳ. ಎಷ್ಟು ಭಾರ ಅನ್ನುವುದನ್ನು ಮಾತ್ರ ನಿಮ್ಮ ಫಿಜಿಯೋ ಹೇಳಲಿ, ನೀವೇ ಏರಿಸಬೇಡಿ.

ಹಿಂದೆ ನಮಗೆ ಕಲಿಸುತ್ತಿದ್ದದ್ದು, ಸಿಪಿ ಮಕ್ಕಳಿಗೆ ಭಾರ ಕೊಟ್ಟರೆ ಬಿಗಿ ಜಾಸ್ತಿ ಆಗುತ್ತದೆ ಅಂತ. ಅದು ನಿಜವಲ್ಲ ಅಂತ ಈಗ ಗೊತ್ತಾಗಿದೆ. ಬಿಗಿ ಸ್ನಾಯು ಅಂದರೆ ಗಟ್ಟಿ ಸ್ನಾಯು ಅಂದುಕೊಂಡಿದ್ದೆವು. ಆ ಬಿಗಿಯ ಒಳಗೇ ನಿಶ್ಶಕ್ತಿ ಇರುತ್ತದೆ. ಅದಕ್ಕೆ ಶಕ್ತಿ ತುಂಬಬೇಕು. ಹಳ್ಳಿ ಮನೆಯ ಜಗಲಿ ಕಟ್ಟೆ ಇದೆಯಲ್ಲ, ಅದರಷ್ಟು ಒಳ್ಳೆ ಜಿಮ್ ಇಲ್ಲ. ಒಂದು ಕಾಲು ಕಟ್ಟೆಯ ಮೇಲಿಟ್ಟು ಹತ್ತು, ಇಳಿ. ಎಡಗಾಲಿಂದ ಹತ್ತು ಸಲ, ಬಲಗಾಲಿಂದ ಹತ್ತು ಸಲ. ಆದರೆ ಈಗ ಹೊಸ ಮನೆ ಕಟ್ಟುವವರು ಮೊದಲು ತೆಗೆಯುವುದೇ ಕಟ್ಟೆಯನ್ನು. ಟೈಲ್ಸ್ ಹಾಕಿದ ನೆಲ ಬೇರೆ, ಮಗು ಜಾರುತ್ತದೆ. ಇರಲಿ.

ಹಾಗಾದರೆ ಎಳೆಯುವುದು ಬೇಡವೇ ಅಂತ ಆ ಕಡೆಯಿಂದ ಕೇಳುತ್ತಿದ್ದೀರಿ. ಬಿಗಿ ಬಿಡಿಸುವುದು ಬೇಕು, ಆದರೆ ಇಪ್ಪತ್ತು ಸಲ ಜಗ್ಗಿ ಬಿಟ್ಟರೆ ಸ್ನಾಯು ಉದ್ದ ಆಗುವುದಿಲ್ಲ. ಬೇಕಾಗಿರುವುದು ಗಂಟೆಗಟ್ಟಲೆ ಸಿಗುವ ಹದವಾದ ಸೆಳೆತ. ಅದನ್ನು ನನ್ನ ಕೈ ಕೊಡಲಾರದು, ನಿಮ್ಮ ಕೈಯೂ ಕೊಡಲಾರದು. ಕೈಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ, ಅಂದರೆ ಸ್ಪ್ಲಿಂಟು, ಕೊಡುತ್ತದೆ. ಕೂರುವ ನಿಲ್ಲುವ ಭಂಗಿ ಕೊಡುತ್ತದೆ. ಸ್ಪ್ಲಿಂಟ್ ಮಾಡಿಸಿ, ಬೆವರುತ್ತೆ, ಚುಚ್ಚುತ್ತೆ ಅಂತ ಅಟ್ಟದ ಮೇಲೆ ಇಟ್ಟವರು ಇಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ನನಗೆ ಗೊತ್ತು. ಒಳಗೆ ತೆಳ್ಳನೆ ಕಾಟನ್ ಸಾಕ್ಸ್ ಹಾಕಿ. ಮೊದಲ ದಿನ ಅರ್ಧ ಗಂಟೆ, ಬಿಚ್ಚಿ ಚರ್ಮ ನೋಡಿ. ಕೆಂಪು ಗುರುತು ಇಪ್ಪತ್ತು ನಿಮಿಷದಲ್ಲಿ ಹೋಗದಿದ್ದರೆ ಹಾಕುವುದು ನಿಲ್ಲಿಸಿ, ಮಾಡಿಕೊಟ್ಟವರ ಹತ್ತಿರ ವಾಪಸ್ ತನ್ನಿ, ತಿದ್ದಿಕೊಡುತ್ತಾರೆ.

ಕೂರಲಾಗದ ಮಗುವನ್ನು ದಿನವಿಡೀ ಚಾಪೆಯ ಮೇಲೆ ಅಂಗಾತ ಮಲಗಿಸಬೇಡಿ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಏನು ಕಮ್ಮಿ? ಒಂದು ಚೀಲದಲ್ಲಿ ಅರ್ಧ ತುಂಬಿ, ಬಾಯಿ ಬಿಗಿಯಾಗಿ ಹೊಲಿಯಿರಿ. ಎರಡು ಗೋಡೆ ಸೇರುವ ಮೂಲೆಯಲ್ಲಿ ಇಟ್ಟು, ನಡುವೆ ಗುಂಡಿ ಮಾಡಿ ಮಗುವನ್ನು ಕೂರಿಸಿ. ಕಾಳು ಸರಿದು ಸೊಂಟದ ಎರಡೂ ಕಡೆ ಒತ್ತಿ ಹಿಡಿಯುತ್ತದೆ. ತೊಡೆಗಳ ನಡುವೆ ಒಂದು ಸುತ್ತಿದ ಟವೆಲ್, ಕಾಲು ಕತ್ತರಿ ಆಗದ ಹಾಗೆ. ಹತ್ತಿರ ಯಾರಾದರೂ ಇರಬೇಕು. ಊಟವನ್ನೂ ಹಾಗೆ ಕೂರಿಸಿಯೇ ಮಾಡಿಸಿ. ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪದೇ ಪದೇ ಕಫ, ನ್ಯುಮೋನಿಯಾ ಅಂತ ಅಡ್ಮಿಟ್ ಆಗುವ ಮಕ್ಕಳಲ್ಲಿ ಊಟ ಮಾಡಿಸುವ ರೀತಿಯನ್ನು ನಾನು ಮೊದಲು ಕೇಳುತ್ತೇನೆ.

ಈಗ ಸೊಂಟದ ವಿಷಯ. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಒಬ್ಬ ಹುಡುಗನಿಗೆ ಎರಡು ವರ್ಷ ನಾನು ನಿಲ್ಲುವ ಅಭ್ಯಾಸ ಮಾಡಿಸಿದೆ. ಒಂದು ಕಾಲು ಗಿಡ್ಡ ಆಗುತ್ತಾ ಬಂತು. ಡೈಪರ್ ಹಾಕುವಾಗ ಅಳುತ್ತಾನೆ ಅಂತ ಅವನಮ್ಮ ಹೇಳಿದರು. ಬಿಗಿ ಇದೆ, ಅದಕ್ಕೆ ಅಂದೆ. ಎಕ್ಸ್‌ರೇ ತೆಗೆಸಿದಾಗ ತೊಡೆ ಮೂಳೆಯ ತಲೆ ಅರ್ಧಕ್ಕಿಂತ ಜಾಸ್ತಿ ಗೂಡಿನಿಂದ ಹೊರಗೆ ಬಂದಿತ್ತು. ಒಂದು ವರ್ಷ ಮೊದಲೇ ನೋಡಿದ್ದರೆ ಆಪರೇಷನ್ ಚಿಕ್ಕದರಲ್ಲಿ ಮುಗಿಯುತ್ತಿತ್ತು. ನನ್ನ ವೃತ್ತಿಯಲ್ಲಿ ನನಗೆ ಇವತ್ತಿಗೂ ಚುಚ್ಚುವುದು ಇದೇ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಪಿ ಇರುವ ಮೂವರಲ್ಲಿ ಒಬ್ಬ ಮಗುವಿಗೆ ಸೊಂಟದ ಕೀಲು ಸರಿದಿತ್ತು. ಚೆನ್ನಾಗಿ ನಡೆದು ಓಡುವ ಮಕ್ಕಳಲ್ಲಿ ಇದು ತೀರಾ ಅಪರೂಪ. ಕೂರಲೂ ಆಗದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ. ಶುರುವಿನಲ್ಲಿ ನೋವೇ ಇರುವುದಿಲ್ಲ, ಕೈಯಿಂದ ಮುಟ್ಟಿ ನೋಡಿದರೆ ಗೊತ್ತಾಗುವುದೂ ಇಲ್ಲ. ನಿಮ್ಮ ಮಗು ಇನ್ನೂ ನಡೆಯುತ್ತಿಲ್ಲ ಅಂದರೆ ಎರಡು ವರ್ಷ ತುಂಬುವ ಹೊತ್ತಿಗೆ ಸೊಂಟದ ಒಂದು ಎಕ್ಸ್‌ರೇ ಆಗಿರಬೇಕು. ಆಮೇಲೆ ಎಷ್ಟು ತಿಂಗಳಿಗೊಮ್ಮೆ ಅಂತ ಮೂಳೆ ಡಾಕ್ಟರು ಹೇಳುತ್ತಾರೆ. ನಿಲ್ಲುವ ಚೌಕಟ್ಟಿನಲ್ಲಿ ಕಾಲು ಅಗಲಿಸಿ ದಿನಕ್ಕೆ ಒಂದು ಗಂಟೆ ನಿಲ್ಲಿಸುವುದೂ ಸೊಂಟಕ್ಕೆ ಒಳ್ಳೆಯದು. ಬಡಗಿ ಹತ್ತಿರ ಮಾಡಿಸಬಹುದು, ಅಳತೆ ನಾವು ಕೊಡುತ್ತೇವೆ.

ಎಲ್ಲರೂ ಕೇಳುವ ಪ್ರಶ್ನೆ, ನನ್ನ ಮಗು ನಡೆಯುತ್ತಾ? ಈ ಪ್ರಶ್ನೆಗೆ 'ನೋಡೋಣ' ಅಂತ ವರ್ಷಗಟ್ಟಲೆ ತಳ್ಳುವುದು ಅನ್ಯಾಯ. 1997ರಲ್ಲಿ, ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆ ಆಯಿತಲ್ಲ, ಅದೇ ವರ್ಷ, ಕೆನಡಾದಲ್ಲಿ ರಾಬರ್ಟ್ ಪಾಲಿಸಾನೋ ಮತ್ತು ಅವರ ತಂಡ ಸಿಪಿ ಮಕ್ಕಳ ಚಲನೆಯನ್ನು ಐದು ಹಂತ ಮಾಡಿ ಬರೆದರು. ಮೊದಲ ಹಂತದವರು ಓಡುತ್ತಾರೆ, ಸ್ವಲ್ಪ ಎಡವುತ್ತಾರೆ. ಎರಡನೆಯವರು ನಡೆಯುತ್ತಾರೆ, ಮೆಟ್ಟಿಲಿಗೆ ಕಂಬಿ ಬೇಕು. ಮೂರನೆಯವರಿಗೆ ವಾಕರ್ ಅಥವಾ ಕೋಲು ಬೇಕು. ನಾಲ್ಕನೆಯವರಿಗೆ ಹೆಚ್ಚಾಗಿ ಗಾಲಿಕುರ್ಚಿ. ಐದನೆಯವರಿಗೆ ತಲೆ ನಿಲ್ಲಿಸುವುದೇ ಕಷ್ಟ. ಎರಡು ವರ್ಷಕ್ಕೆ ಆಸರೆ ಇಲ್ಲದೆ ಕೂರುವ ಮಗು ನಡೆಯುವ ಸಾಧ್ಯತೆ ಚೆನ್ನಾಗಿದೆ. ನಾಲ್ಕಾದರೂ ಕೂರದಿದ್ದರೆ ಸ್ವಂತವಾಗಿ ನಡೆಯುವುದು ಕಷ್ಟ. ಅದೇ ಕೆನಡಾದವರು 2002ರಲ್ಲಿ ತೋರಿಸಿದ್ದು, ಚಲನೆಯಲ್ಲಿ ಮಗು ಎಷ್ಟು ಮುಟ್ಟಬಹುದೋ ಅದರ ನೂರಕ್ಕೆ 90 ಭಾಗ ಸುಮಾರು ಐದು ವರ್ಷದ ಒಳಗೇ ಮುಟ್ಟಿರುತ್ತದೆ. ಅದಕ್ಕೇ ಬೇಗ ಶುರು ಮಾಡಿ ಅನ್ನುವುದು.

ನಾಲ್ಕು, ಐದನೇ ಹಂತದ ಮಕ್ಕಳ ಅಮ್ಮಂದಿರ ಮುಖ ಈಗ ಬಾಡಿದ್ದು ನನಗೆ ಕಾಣುತ್ತಿದೆ. ನಿಮ್ಮ ಮಗುವಿಗೆ ವ್ಯಾಯಾಮ ಬೇಡ ಅಂತ ನಾನು ಹೇಳಲಿಲ್ಲ. ಗುರಿ ಬೇರೆ, ಅಷ್ಟೇ. ಮಂಚದಿಂದ ಕುರ್ಚಿಗೆ ಹೋಗುವಾಗ ಮಗು ತನ್ನ ಕಾಲ ಮೇಲೆ ಐದು ಸೆಕೆಂಡ್ ಭಾರ ಹಾಕಿ ನಿಂತರೆ, ಹತ್ತು ವರ್ಷದ ನಂತರ ನಿಮ್ಮ ಬೆನ್ನು ಉಳಿಯುತ್ತದೆ. ಆರು ಕೆಜಿ ಮಗುವನ್ನು ಎತ್ತಿದ ಹಾಗೆ ನಲವತ್ತು ಕೆಜಿ ಹುಡುಗನನ್ನು ಎತ್ತಲಾಗುವುದಿಲ್ಲ. ಗಾಲಿಕುರ್ಚಿ ತಂದರೆ ಸೋತ ಹಾಗೆ ಅಂತ ಕೆಲವರು ಅದನ್ನು ಮುಂದೂಡುತ್ತಾರೆ. ಮಗು ಅಷ್ಟು ವರ್ಷ ಮನೆಯಲ್ಲೇ ಉಳಿಯುತ್ತದೆ.

ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದರ ಬಗ್ಗೆ ಕೇಳಿದ್ದಿರಿ. ಎರೆಯಿರಿ. ಮಗುವಿಗೆ ಹಿತ, ಅಜ್ಜಿಗೂ ಹಿತ. ಆದರೆ ಅದನ್ನೇ ವ್ಯಾಯಾಮ ಅಂದುಕೊಳ್ಳಬೇಡಿ. ಸ್ನಾನ ಆದ ಮೇಲೆ ಮೈ ಸಡಿಲ ಇರುತ್ತದೆ, ಅಂಗಿಯಲ್ಲಿ ಕೈ ತೂರಿಸುವ ಕೆಲಸವನ್ನು ಆಗ ಮಗುವಿಗೇ ಬಿಡಿ. 'ಕರೆಂಟ್ ಇಡ್ತೀರಾ' ಅಂತ ಕೇಳುತ್ತಾರೆ. ಕರೆಂಟ್ ಯಂತ್ರ ಅಭ್ಯಾಸದ ಜೊತೆ ಕೆಲವು ಮಕ್ಕಳಿಗೆ ಸಹಾಯ ಮಾಡುತ್ತದೆ, ಅಭ್ಯಾಸ ಇಲ್ಲದೆ ಸುಮ್ನೆ ಪ್ಯಾಡ್ ಅಂಟಿಸಿ ಕೂರಿಸಿದರೆ ಏನೂ ಇಲ್ಲ. ಬಿಗಿ ಇಳಿಸುವ ಬೊಟುಲಿನಂ ಇಂಜೆಕ್ಷನ್ ಒಳ್ಳೆಯದೇ, ಅದರ ಪ್ರಭಾವ ಕೆಲವು ತಿಂಗಳು ಮಾತ್ರ. ಆ ತಿಂಗಳುಗಳಲ್ಲಿ ಅಭ್ಯಾಸ ಮಾಡಿಸದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಕೂರಿಸಿದರೆ ಸಿಪಿ ಗುಣ ಆಗುತ್ತದೆ ಅಂತ ಯಾರಾದರೂ ಪ್ಯಾಕೇಜ್ ಹೇಳಿದರೆ ಎದ್ದು ಬನ್ನಿ. ಆ ಸಿಗ್ನಲ್ ಪಟ್ಟಿಯಲ್ಲಿ ಅದು ಕೆಂಪು. ಬಟ್ಟೆ ಸೀಟಿನಲ್ಲಿ ಕೂರಿಸಿ ತಿರುಗಿಸುವ ದುಂಡನೆ ಬೇಬಿ ವಾಕರ್ ಕೂಡ ಬೇಡ, ಅದರಲ್ಲಿ ತುದಿಗಾಲು ಇನ್ನೂ ಗಟ್ಟಿಯಾಗುತ್ತದೆ.

ಒಂದು ಸಮಾಧಾನದ ಮಾತು. ದಿನಕ್ಕೆ ಮೂರು ಗಂಟೆ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಮನೆ ಅಭ್ಯಾಸದ ಬಗ್ಗೆ 2009ರಲ್ಲಿ ಬಂದ ನೊವಾಕ್ ಅವರದೇ ಒಂದು ಅಧ್ಯಯನದಲ್ಲಿ, 8 ವಾರದಲ್ಲಿ ಮಕ್ಕಳು ಎದ್ದು ಕಾಣುವ ಹಾಗೆ ಸುಧಾರಿಸಿದ್ದರು. ಅಪ್ಪ ಅಮ್ಮ ಮಾಡಿಸಿದ್ದು ಸರಾಸರಿ ತಿಂಗಳಿಗೆ 17-18 ಸಲ, ಒಂದೊಂದು ಸಲ 16-17 ನಿಮಿಷ. ಅಂದರೆ ದಿನ ಬಿಟ್ಟು ದಿನಕ್ಕಿಂತ ಸ್ವಲ್ಪ ಜಾಸ್ತಿ. ಇಲ್ಲಿ ಅಪ್ಪಂದಿರು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ, ಆ 16 ನಿಮಿಷ ನಿಮ್ಮದಾಗಲಿ. ಅಮ್ಮಂದಿರ ಹೊತ್ತೆಲ್ಲ ಓಡಾಡುವ ಬಸ್ಸಿನಲ್ಲೇ ಸವೆಯುತ್ತಿದೆ. ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಫ್ರೀ ಆಗಿದೆ, ಸರಿ. ನಮ್ಮ ಕಡೆ ಎಷ್ಟೋ ಹಳ್ಳಿಗೆ ಓಡುವುದು ಪ್ರೈವೇಟ್ ಬಸ್ಸು. ಮಗುವಿಗೆ ಅರ್ಧ ಟಿಕೆಟ್, ಕೂರಲು ಸೀಟಿಲ್ಲ.

ಕಾಗದಪತ್ರದ್ದು ಬೇಗ ಹೇಳಿ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸಿಪಿಯೂ ಇದೆ, ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ಸಿಪಿ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿಗೂ ಅದರಲ್ಲಿ ಪಾಲಿದೆ. ಗಾಲಿಕುರ್ಚಿ, ಸ್ಪ್ಲಿಂಟಿಗೆ ದಾವಣಗೆರೆಯಲ್ಲಿರುವ ಅಂಗವಿಕಲರ ಪುನರ್ವಸತಿ ಕೇಂದ್ರ ಸಿಆರ್‌ಸಿಯಲ್ಲಿ ವಿಚಾರಿಸಿ. ಪಂಚಾಯಿತಿಯಲ್ಲಿ ಅಂಗವಿಕಲರಿಗೆ ನೆರವಾಗಲು ವಿಆರ್‌ಡಬ್ಲ್ಯೂ ಅಂತ ಒಬ್ಬರು ಇರುತ್ತಾರೆ, ಅರ್ಜಿ ಬರೆಯಲು ಅವರನ್ನು ಹಿಡಿಯಿರಿ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆ ಇದೆ. ಆದರೆ ಹೋಗಲು ಆಗುವ ಮಗುವನ್ನು ಅದರ ನೆಪದಲ್ಲಿ ಮನೆಯಲ್ಲಿ ಕೂರಿಸಬೇಡಿ. ಆಟದ ಪೀರಿಯಡ್ಡಿನಲ್ಲಿ ಬ್ಯಾಗ್ ಕಾಯಲು ಕೂರಿಸಿದರೆ ಹೋಗಿ ಮೇಷ್ಟ್ರನ್ನು ಕೇಳಿ. ವಾಕರ್ ಹಿಡಿದ ಒಬ್ಬ ಹುಡುಗ ಅವನ ಗೆಳೆಯರ ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರ್. ಬಾಲು ಹಿಂದೆ ಹೋದರೆ ತರಲು ಬೇರೊಬ್ಬ ಓಡಬೇಕು, ಅದು ಅವರೇ ಮಾಡಿಕೊಂಡ ರೂಲ್ಸು. ಅವನು ಒಂದು ಸಂಜೆಗೆ ಎಷ್ಟು ಸಲ ಬಗ್ಗಿ ಏಳುತ್ತಾನೆ ಅಂತ ಎಣಿಸಿದೆ. ಎಪ್ಪತ್ತು ದಾಟಿತು. ನಾನು ಹೇಳಿದ್ದರೆ ಹತ್ತಕ್ಕೇ ಕಾಲು ನೋವು ಅನ್ನುತ್ತಿದ್ದ.

ಮುಂದಿನ ಸಲ ಬರುವಾಗ ಸೊಂಟದ ಎಕ್ಸ್‌ರೇ ಇದ್ದರೆ ತನ್ನಿ. ಮಗುವಿನ ಹಳೇ ಚಪ್ಪಲಿ, ಶೂ ತನ್ನಿ, ಹೊಸದು ಬೇಡ. ಎಲ್ಲಿ ಸವೆದಿದೆ ಅಂತ ನೋಡಿದರೆ ಹೇಗೆ ನಡೆಯುತ್ತದೆ ಅಂತ ಅರ್ಧ ಗೊತ್ತಾಗುತ್ತದೆ.

ಈಗ ಹೊರಡುವ ಹೊತ್ತು. ಹಾಲ್‌ನವರ ಹತ್ತಿರ ಅರ್ಧ ಗಂಟೆ ಜಾಸ್ತಿ ಕೇಳಿದ್ದೇನೆ, ಯಾರೂ ಅವಸರ ಮಾಡಬೇಡಿ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಮೈಯ ಭಾರವನ್ನು ತಡೆದು ತಡೆದು ಬಿಡಬೇಕು. ಅದಕ್ಕೆ ಕಂಬಿಯ ಕಡೆ ಮಗು ಇರಲಿ, ನೀವು ಒಂದು ಮೆಟ್ಟಿಲು ಕೆಳಗೆ, ಮಗುವಿನ ಕಡೆ ಮುಖ ಮಾಡಿ ನಿಲ್ಲಿ. ಕೈ ಹತ್ತಿರ ಇರಲಿ, ಹಿಡಿಯಬೇಡಿ. ಅಜ್ಜಾರೇ, ನೀವು ಮೊದಲು ಬನ್ನಿ.